ಇಎಸ್‌ಆರ್ ಎಷ್ಟಿದೆ ಎಂದು ಕೇಳುವ ಮೊದಲು

ಲ್ಯಾಬಿನವರು ಈಗ ರಿಪೋರ್ಟನ್ನು ವಾಟ್ಸಾಪ್‌ಗೇ ಕಳಿಸಿಬಿಡುತ್ತಾರೆ. ಬೆಳಿಗ್ಗೆ ರಕ್ತ ಕೊಟ್ಟು ಬಂದರೆ ಸಂಜೆಯೊಳಗೆ ಪಿಡಿಎಫ್ ಕೈಯಲ್ಲಿರುತ್ತದೆ. ಡಾಕ್ಟರನ್ನು ಕಾಣುವುದು ನಾಳೆಯೋ ನಾಡಿದ್ದೋ, ದೊಡ್ಡ ಊರಿಗೆ ಹೋಗಬೇಕಾದವರಿಗೆ ಮುಂದಿನ ವಾರವೋ. ಅಲ್ಲಿಯವರೆಗೆ ಆ ಕಾಗದದ ಜೊತೆ ನಾವೇ ಏಗಬೇಕು. ಕೆಲವು ಅಂಕಿ ದಪ್ಪ ಅಕ್ಷರದಲ್ಲಿ, ಪಕ್ಕದಲ್ಲೊಂದು ‘ಎಚ್’ (ಹೆಚ್ಚು) ಅಥವಾ ‘ಎಲ್’ (ಕಡಿಮೆ). ಯಾವುದಕ್ಕೆ ಹೆದರಬೇಕು, ಯಾವುದನ್ನು ಬಿಡಬೇಕು ಎಂದು ಎಲ್ಲೂ ಬರೆದಿರುವುದಿಲ್ಲ. ರುಮಟಾಯ್ಡ್ ಆರ್ಥ್ರೈಟಿಸ್ (ದೇಹದ ರಕ್ಷಣಾ ವ್ಯವಸ್ಥೆಯೇ ಕೀಲುಗಳಲ್ಲಿ ಉರಿಯೂತ ತರುವ ಕಾಯಿಲೆ) ಜೊತೆ ಬದುಕುವವರಿಗೆ ಇಂಥ ಸಂಜೆಗಳು ವರ್ಷಕ್ಕೆ ಹಲವು. ನಾನೂ ಅವರಲ್ಲೊಬ್ಬಳು. ಆ ಸಂಜೆಗೆಂದೇ ಇದನ್ನು ಬರೆಯುತ್ತಿದ್ದೇನೆ.

ವರ್ಷಗಟ್ಟಲೆ ಈ ಕಾಗದಗಳನ್ನು ಓದಿ ನನಗೆ ಮನದಟ್ಟಾದ ಸಂಗತಿ ಒಂದೇ. ಪ್ರತಿ ಪರೀಕ್ಷೆಯನ್ನೂ ಯಾವುದೋ ಒಂದು ಪ್ರಶ್ನೆ ಇಟ್ಟುಕೊಂಡು ಮಾಡಿಸಿರುತ್ತಾರೆ. ನಮಗೆ ಆ ಪ್ರಶ್ನೆ ಗೊತ್ತಿಲ್ಲದಿದ್ದರೆ ಉತ್ತರ ನೋಡಿ ಸುಮ್ಮನೆ ಕಂಗಾಲಾಗುತ್ತೇವೆ, ಇಲ್ಲವೇ ಸುಮ್ಮನೆ ನೆಮ್ಮದಿಯಾಗುತ್ತೇವೆ. ನಮ್ಮ ಕಾಯಿಲೆಯಲ್ಲಿ ಡಾಕ್ಟರಿಗೆ ಮುಖ್ಯವಾಗಿ ಮೂರು ವಿಷಯ ಬೇಕು: ಇದು ಯಾವ ಕಾಯಿಲೆ, ಉರಿಯೂತ ಈಗ ಎಷ್ಟಿದೆ, ಕೊಡುತ್ತಿರುವ ಔಷಧಿಯನ್ನು ದೇಹ ತಾಳಿಕೊಳ್ಳುತ್ತಿದೆಯೇ. ಕಾಗದದಲ್ಲಿ ಮಾತ್ರ ಮೂರೂ ಬೆರೆತು, ಒಂದೇ ಗಾತ್ರದ ಸಾಲುಗಳಾಗಿ ಅಚ್ಚಾಗಿರುತ್ತವೆ.

ಮೊದಲನೆಯ ಪ್ರಶ್ನೆಯಲ್ಲೇ ಎಷ್ಟೋ ಮನೆಗಳು ಎಡವುತ್ತವೆ. ನಮ್ಮ ಚಿಕ್ಕಮ್ಮ ಯಾವುದೋ ‘ಫುಲ್ ಬಾಡಿ ಚೆಕಪ್’ ಮಾಡಿಸಿಕೊಂಡರು. ಆ ಪ್ಯಾಕೇಜಿನಲ್ಲಿ ಆರ್‌ಎ ಫ್ಯಾಕ್ಟರ್ (ನಮ್ಮ ಕಾಯಿಲೆಯವರ ರಕ್ತದಲ್ಲಿ ಹೆಚ್ಚಾಗಿ ಕಾಣುವ ಒಂದು ಪ್ರತಿಕಾಯದ ಪರೀಕ್ಷೆ) ಕೂಡ ಇತ್ತು. 20ರ ಒಳಗಿರಬೇಕಾದ ಅಂಕಿ 31 ಬಂತು. “ನಿನ್ನ ಕಾಯಿಲೆ ನನಗೂ ಬಂತಲ್ಲೇ” ಎಂದು ಫೋನಿನಲ್ಲಿ ಅಳುತ್ತಿದ್ದರು. ಅವರಿಗೆ ನೋವಿದ್ದದ್ದು ಮಂಡಿಯಲ್ಲಿ. ಮೆಟ್ಟಿಲು ಹತ್ತಿದರೆ ಜಾಸ್ತಿ, ಕೂತರೆ ಕಡಿಮೆ. ಬೆಳಿಗ್ಗೆ ಎದ್ದಾಗ ಐದು ನಿಮಿಷದ ಬಿಗಿತ, ಅಷ್ಟೇ. ಬೆರಳಿನ ಗಂಟುಗಳಲ್ಲಿ ಊತವಿಲ್ಲ, ಮಣಿಕಟ್ಟಿನಲ್ಲಿ ನೋವಿಲ್ಲ. ವಯಸ್ಸಿಗೆ ಬರುವ ಮಂಡಿ ಸವೆತ ಅದು.

ಆರ್‌ಎ ಫ್ಯಾಕ್ಟರನ್ನು ನಾರ್ವೆಯ ಎರಿಕ್ ವಾಲರ್ 1940ರಲ್ಲಿ ವರದಿ ಮಾಡಿದರು, ಕುರಿಯ ಕೆಂಪು ರಕ್ತಕಣಗಳನ್ನು ಬಳಸಿ ಮಾಡಿದ ಪರೀಕ್ಷೆಯಲ್ಲಿ. ಈ ಕಾಯಿಲೆ ಇರುವ ಹತ್ತು ಜನರಲ್ಲಿ ಏಳೆಂಟು ಮಂದಿಗೆ ಅದು ಪಾಸಿಟಿವ್ ಬರುತ್ತದೆ. ಆದರೆ ಕಾಯಿಲೆಯೇ ಇಲ್ಲದ ಕೆಲವರಲ್ಲೂ, ವಯಸ್ಸಾದವರಲ್ಲಿ ಇನ್ನಷ್ಟು ಮಂದಿಯಲ್ಲೂ ಬರುತ್ತದೆ. ಕ್ಷಯ, ಕುಷ್ಠ, ಹೆಪಟೈಟಿಸ್ ಸಿ ಇದ್ದಾಗಲೂ ಬರಬಹುದು. ಕೀಲುಗಳಲ್ಲಿ ಊತ ಕಂಡು, ಆಮೇಲೆ ಮಾಡಿಸಿದರೆ ಅದಕ್ಕೊಂದು ಅರ್ಥ. ಏನೂ ಇಲ್ಲದವರಿಗೆ ಮಾಡಿಸಿದರೆ ಭಯ ಹುಟ್ಟಿಸುವುದಷ್ಟೇ ಅದರ ಕೆಲಸ. ಚೆಕಪ್ ಪ್ಯಾಕೇಜಿನಲ್ಲಿ ಅದನ್ನು ಸೇರಿಸುವುದೇ ತಪ್ಪು ಎಂದು ನಾನು ಖಂಡಿತವಾಗಿ ಹೇಳುತ್ತೇನೆ.

ನಮ್ಮ ರಾಜ್ಯದವರು ಇನ್ನೊಂದನ್ನೂ ನೆನಪಿಡಬೇಕು. 2006ರಲ್ಲಿ ಚಿಕೂನ್‌ಗುನ್ಯಾ ಕರ್ನಾಟಕದ ಊರೂರನ್ನೇ ಮಲಗಿಸಿತ್ತು. ಜ್ವರ ವಾರದಲ್ಲಿ ಇಳಿದರೂ ಕೀಲುಗಳು ತಿಂಗಳುಗಟ್ಟಲೆ ಬಾತಿದ್ದವರು ಪ್ರತಿ ಬೀದಿಯಲ್ಲೂ ಇದ್ದರು. ಈಗಲೂ ಮಳೆಗಾಲ ಮುಗಿಯುತ್ತಿದ್ದಂತೆ ಅಲ್ಲಲ್ಲಿ ಕಾಣಿಸಿಕೊಳ್ಳುತ್ತದೆ. ಆ ಊತ ನಮ್ಮ ಕಾಯಿಲೆಯಂತೆಯೇ ಎರಡೂ ಕೈಗಳಲ್ಲಿ, ಸಣ್ಣ ಕೀಲುಗಳಲ್ಲಿ ಕೂರುತ್ತದೆ. ಕೆಲವರಿಗೆ ಆರ್‌ಎ ಫ್ಯಾಕ್ಟರ್ ಕೂಡ ಪಾಸಿಟಿವ್ ಬರುತ್ತದೆ. ಹಿಂದಿನ ತಿಂಗಳುಗಳಲ್ಲಿ ಜ್ವರ ಬಂದಿತ್ತೇ ಎಂದು ಡಾಕ್ಟರ್ ಕೇಳುವುದು ಇದಕ್ಕೇ. ಕೇಳದಿದ್ದರೆ ನೀವೇ ಹೇಳಿ.

ಇಂಥಲ್ಲಿ ಹೆಚ್ಚು ನಂಬಬಹುದಾದದ್ದು ಆ್ಯಂಟಿ ಸಿಸಿಪಿ ಎಂಬ ಇನ್ನೊಂದು ಪ್ರತಿಕಾಯದ ಪರೀಕ್ಷೆ. ಬೇರೆ ಕಾರಣಕ್ಕೆ ಅದು ಪಾಸಿಟಿವ್ ಬರುವುದು ಕಡಿಮೆ. ಕೆಲವರಲ್ಲಿ ನೋವು ಶುರುವಾಗುವ ವರ್ಷಗಳ ಮೊದಲೇ ರಕ್ತದಲ್ಲಿ ಇರುತ್ತದೆ. ಮೇಲಿನ ಮಿತಿಯ ಮೂರುಪಟ್ಟು ದಾಟಿದರೆ ಅದಕ್ಕೆ ತೂಕ ಹೆಚ್ಚು. ಎರಡೂ ನೆಗೆಟಿವ್ ಇದ್ದು ಕಾಯಿಲೆ ಇರುವವರೂ ಸಾಕಷ್ಟಿದ್ದಾರೆ. ‘ಸೀರೋನೆಗೆಟಿವ್’ ಎಂದು ಚೀಟಿಯಲ್ಲಿ ಬರೆದಿದ್ದರೆ ಇದೇ ಅರ್ಥ, ಕಾಯಿಲೆ ಸುಳ್ಳು ಎಂದಲ್ಲ. ಕಾಯಿಲೆ ಯಾವುದೆಂದು ಒಮ್ಮೆ ಖಚಿತವಾದ ಮೇಲೆ ಇವೆರಡನ್ನೂ ಪ್ರತಿ ಸಲ ಮಾಡಿಸುವ ಅಗತ್ಯ ಸಾಮಾನ್ಯವಾಗಿ ಇರುವುದಿಲ್ಲ. ನೋವು ಏರಿದಂತೆ ಏರಿ, ಇಳಿದಂತೆ ಇಳಿಯುವ ಅಂಕಿಗಳಲ್ಲ ಅವು. ಆ್ಯಂಟಿ ಸಿಸಿಪಿಗೆ ಸಾವಿರಕ್ಕೂ ಮೀರಿ ಹಣ ಆಗಬಹುದು. ಮತ್ತೆ ಬರೆದುಕೊಟ್ಟರೆ ಯಾಕೆ ಎಂದು ಕೇಳುವುದರಲ್ಲಿ ಸಂಕೋಚ ಬೇಡ.

ಇನ್ನು ಎರಡನೆಯ ಪ್ರಶ್ನೆ, ಉರಿಯೂತ ಎಷ್ಟಿದೆ ಎನ್ನುವುದು. ಅದಕ್ಕೆ ಇಎಸ್‌ಆರ್. ನಮ್ಮ ಬಳಗದಲ್ಲಿ ಒಬ್ಬರಿಗೊಬ್ಬರು ಮೊದಲು ಕೇಳುವುದೇ ಇದನ್ನು. ಆ ಪರೀಕ್ಷೆ ನಡೆಯುವುದನ್ನು ಒಮ್ಮೆ ಕಣ್ಣಾರೆ ನೋಡಿದ್ದೇನೆ. ನಮ್ಮ ಊರಿನ ಸಣ್ಣ ಲ್ಯಾಬಿನಲ್ಲಿ ಟೆಕ್ನಿಷಿಯನ್ ಹುಡುಗಿ “ಬನ್ನಿ ಆಂಟಿ, ತೋರಿಸ್ತೀನಿ” ಎಂದು ಒಳಗೆ ಕರೆದಳು. ಗೋಡೆಯ ಪಕ್ಕದ ಸ್ಟ್ಯಾಂಡಿನಲ್ಲಿ ಸಾಲಾಗಿ ಗಾಜಿನ ಸಪೂರ ಕೊಳವೆಗಳು, ಮೈಮೇಲೆ 0ಯಿಂದ 200ರವರೆಗೆ ಗೆರೆಗಳು. ಒಂದೊಂದರಲ್ಲೂ ಒಬ್ಬೊಬ್ಬರ ರಕ್ತ. ಒಂದು ಗಂಟೆ ಅಲುಗಾಡಿಸದೆ ನಿಲ್ಲಿಸುತ್ತಾರೆ. ಕೆಂಪು ಕಣಗಳು ನಿಧಾನವಾಗಿ ಕೆಳಗಿಳಿದು ಮೇಲೆ ತಿಳಿಹಳದಿ ದ್ರವ ಉಳಿಯುತ್ತದೆ. ಆ ಹಳದಿಯ ಎತ್ತರ ಎಷ್ಟು ಮಿಲಿಮೀಟರೋ ಅದೇ ಇಎಸ್‌ಆರ್. ಕೆಲವು ಕೊಳವೆಗಳಲ್ಲಿ ಹಳದಿ ಒಂದು ಉಗುರಿನಷ್ಟೂ ಇರಲಿಲ್ಲ. ಒಂದರಲ್ಲಿ ಅರ್ಧ ಕೊಳವೆಯೇ ಹಳದಿಯಾಗಿತ್ತು. ಅದು ಯಾರದೆಂದು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಉರಿಯೂತ ಇದ್ದಾಗ ರಕ್ತದಲ್ಲಿ ಫೈಬ್ರಿನೊಜೆನ್ ಎಂಬ ಪ್ರೋಟೀನ್ ಹೆಚ್ಚುತ್ತದೆ. ಆಗ ಕೆಂಪು ಕಣಗಳು ನಾಣ್ಯ ಪೇರಿಸಿಟ್ಟಂತೆ ಒಂದಕ್ಕೊಂದು ಅಂಟಿಕೊಂಡು, ಭಾರವಾಗಿ ಬೇಗ ಇಳಿಯುತ್ತವೆ. ಅಂದರೆ ಇಎಸ್‌ಆರ್ ಕೀಲನ್ನು ನೋಡುವುದೇ ಇಲ್ಲ, ಕಣಗಳು ಇಳಿಯುವ ವೇಗವನ್ನಷ್ಟೇ ನೋಡುತ್ತದೆ. ರಕ್ತಹೀನತೆ ಇದ್ದರೂ ಅದು ಏರುತ್ತದೆ, ಗರ್ಭಿಣಿಯರಲ್ಲಿ ಏರುತ್ತದೆ, ಹಲ್ಲಿನ ಕೀವಿಗೂ ಮೂತ್ರದ ಸೋಂಕಿಗೂ ಏರುತ್ತದೆ, ವಯಸ್ಸಾದಂತೆ ತಾನಾಗಿಯೇ ಏರುತ್ತದೆ. ಡಾಕ್ಟರುಗಳು ಬಳಸುವ ಒಂದು ಅಂದಾಜಿನ ಲೆಕ್ಕವಿದೆ: ಗಂಡಸರಿಗೆ ವಯಸ್ಸಿನ ಅರ್ಧ, ಹೆಂಗಸರಿಗೆ ವಯಸ್ಸಿಗೆ ಹತ್ತು ಕೂಡಿಸಿ ಅದರ ಅರ್ಧ. ಅರುವತ್ತರ ಹೆಂಗಸಿಗೆ 35ರವರೆಗೂ ಪರವಾಗಿಲ್ಲ ಎಂದಾಯಿತು. ಆದರೆ ರಿಪೋರ್ಟಿನಲ್ಲಿ ಇಪ್ಪತ್ತರವರಿಗೂ ಎಪ್ಪತ್ತರವರಿಗೂ ಒಂದೇ ಮಿತಿ ಅಚ್ಚಾಗಿರುವುದುಂಟು, 28 ಬಂದ ಅಜ್ಜಿಗೂ ‘ಎಚ್’ ಬೀಳುತ್ತದೆ. ಇನ್ನೊಂದು, ಏರಿದ ಇಎಸ್‌ಆರ್ ಬೇಗ ಇಳಿಯುವುದಿಲ್ಲ. ಉರಿಯೂತ ತಣ್ಣಗಾಗಿ ವಾರಗಳಾದರೂ ಅಂಕಿ ಹಿಂದೆಯೇ ಉಳಿದಿರಬಹುದು.

ಸಿಆರ್‌ಪಿ ಹಾಗಲ್ಲ, ಚುರುಕು. 1930ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯಲ್ಲಿ ನ್ಯುಮೋನಿಯಾ ರೋಗಿಗಳ ರಕ್ತವನ್ನು ಪರೀಕ್ಷಿಸುವಾಗ ಸಿಕ್ಕಿದ ಪ್ರೋಟೀನ್ ಇದು. ಇದನ್ನು ತಯಾರಿಸುವುದು ಲಿವರ್. ಉರಿಯೂತ ಶುರುವಾದ ಗಂಟೆಗಳಲ್ಲೇ ಏರುತ್ತದೆ, ಕಾರಣ ಹೋದರೆ ಕೆಲವೇ ದಿನಗಳಲ್ಲಿ ಇಳಿಯುತ್ತದೆ. ಇಲ್ಲಿ ನೋಡಬೇಕಾದದ್ದು ಅಳತೆಯ ಘಟಕ. ಒಂದು ಲ್ಯಾಬ್ ಲೀಟರಿಗೆ ಇಷ್ಟು ಮಿಲಿಗ್ರಾಂ ಎಂದು ಬರೆದರೆ ಇನ್ನೊಂದು ಡೆಸಿಲೀಟರಿಗೆ ಇಷ್ಟು ಎಂದು ಬರೆಯುತ್ತದೆ. ಮೊದಲನೆಯದರಲ್ಲಿ 12 ಇದ್ದದ್ದು ಎರಡನೆಯದರಲ್ಲಿ 1.2. ಲ್ಯಾಬ್ ಬದಲಾಯಿಸಿ “ಹನ್ನೆರಡು ಹೋಗಿ ಒಂದಕ್ಕೆ ಬಂತು” ಎಂದು ಸಂತೋಷಪಟ್ಟವರನ್ನು ಕಂಡಿದ್ದೇನೆ. ಅದರಿಂದ ಸಾಧ್ಯವಾದಷ್ಟೂ ಒಂದೇ ಲ್ಯಾಬಿಗೆ ಹೋಗುವುದು ಒಳ್ಳೆಯದು. ಹೃದಯದ ಪ್ಯಾಕೇಜಿನಲ್ಲಿ ಬರುವ ‘ಎಚ್‌ಎಸ್ ಸಿಆರ್‌ಪಿ’ ಕೂಡ ಇದೇ ಪ್ರೋಟೀನಿನ ಸೂಕ್ಷ್ಮ ಅಳತೆ. ನಮಗೆ ಅದು ಕೀಲಿನ ಕಾರಣಕ್ಕೇ ಏರಿರಬಹುದು. ನಮ್ಮ ಕಾಯಿಲೆ ಹೃದಯಕ್ಕೂ ಅಪಾಯ ಹೆಚ್ಚಿಸುತ್ತದೆ ಎನ್ನುವುದು ನಿಜ, ಆದರೆ ಅದನ್ನು ತೂಗಲು ಬಿಪಿ, ಸಕ್ಕರೆ, ಕೊಲೆಸ್ಟರಾಲ್ ಎಲ್ಲ ನೋಡಬೇಕು.

ಈಗ ನನ್ನನ್ನು ಬಹಳ ನೋಯಿಸುವ ಮಾತಿಗೆ ಬರುತ್ತೇನೆ. “ರಿಪೋರ್ಟ್ ನಾರ್ಮಲ್ ಬಂದಿದೆಯಲ್ಲ, ಮತ್ತೇನು?” ಈ ಮಾತನ್ನು ಅತ್ತೆಯಿಂದ, ಗಂಡನಿಂದ, ಒಮ್ಮೊಮ್ಮೆ ಡಾಕ್ಟರಿಂದಲೂ ಕೇಳಿದ ಎಷ್ಟು ಹೆಂಗಸರು ನನ್ನ ಮುಂದೆ ಕಣ್ಣೀರು ಹಾಕಿದ್ದಾರೆ. ಬೆಳಿಗ್ಗೆ ಸೀರೆಗೆ ಪಿನ್ ಹಾಕಲು ಬೆರಳು ಮಡಚುವುದಿಲ್ಲ, ಕುಕ್ಕರಿನ ಮುಚ್ಚಳ ತಿರುಗಿಸಲು ಮಗಳನ್ನು ಎಬ್ಬಿಸಬೇಕು, ಆದರೆ ಇಎಸ್‌ಆರ್ 14. ಇದು ಖಂಡಿತ ಸಾಧ್ಯ. ಕೀಲುಗಳಲ್ಲಿ ಸ್ಪಷ್ಟವಾಗಿ ಊತವಿದ್ದೂ ಇಎಸ್‌ಆರ್, ಸಿಆರ್‌ಪಿ ಎರಡೂ ಮಿತಿಯೊಳಗೆ ಇರುವ ರೋಗಿಗಳು ಅಪರೂಪವೇನಲ್ಲ. ಅಂಥವರಿಗೆ ಅಲ್ಟ್ರಾಸೌಂಡ್ ಮಾಡಿದರೆ ಒಳಪೊರೆಯ ಉರಿಯೂತ ಕಾಣಬಹುದು.

2010ರಲ್ಲಿ ಅಮೆರಿಕ ಮತ್ತು ಯುರೋಪಿನ ರುಮಟಾಲಜಿ (ಕೀಲುರೋಗ ವೈದ್ಯಶಾಸ್ತ್ರ) ಸಂಘಟನೆಗಳು ಸೇರಿ ಈ ಕಾಯಿಲೆಯನ್ನು ಗುರುತಿಸಲು ಅಂಕಗಳ ಪದ್ಧತಿ ಮಾಡಿದವು. ಒಟ್ಟು 10, ಅದರಲ್ಲಿ 6 ಬಂದರೆ ರುಮಟಾಯ್ಡ್ ಆರ್ಥ್ರೈಟಿಸ್. ಎಷ್ಟು ಕೀಲು, ಯಾವ ಕೀಲು ಎನ್ನುವುದಕ್ಕೆ 5 ಅಂಕದವರೆಗೆ. ಆರ್‌ಎ ಫ್ಯಾಕ್ಟರ್, ಆ್ಯಂಟಿ ಸಿಸಿಪಿಗೆ 3ರವರೆಗೆ. ತೊಂದರೆ ಶುರುವಾಗಿ ಆರು ವಾರ ಆಗಿದ್ದರೆ 1. ಇಎಸ್‌ಆರ್ ಅಥವಾ ಸಿಆರ್‌ಪಿ ಏರಿದ್ದರೆ ಬರೀ 1. ನಾವು ಯಾವುದನ್ನು ಹಿಡಿದುಕೊಂಡು ರಾತ್ರಿ ನಿದ್ದೆಗೆಡುತ್ತೇವೋ ಅದಕ್ಕೆ ಹತ್ತರಲ್ಲಿ ಒಂದು! ನನ್ನ ರುಮಟಾಲಜಿಸ್ಟ್ ಫೈಲನ್ನು ಮೇಜಿನ ಮೇಲೆ ಮುಚ್ಚಿಟ್ಟು ಮೊದಲು ಕೈ ಹಿಡಿಯುತ್ತಾರೆ. ಬೆರಳುಗಳ ಬುಡವನ್ನು ಎರಡೂ ಬದಿಯಿಂದ ಮೆಲ್ಲಗೆ ಅದುಮುತ್ತಾರೆ. ಆಮೇಲೆ ಒಂದೊಂದೇ ಗಂಟನ್ನು ಎರಡು ಹೆಬ್ಬೆರಳುಗಳ ನಡುವೆ ಒತ್ತಿ, ಗಟ್ಟಿಯಾಗಿದೆಯೋ ಮೆತ್ತಗಿದೆಯೋ ನೋಡುತ್ತಾರೆ. ಎಲುಬು ಬೆಳೆದ ಗಂಟು ಕಲ್ಲಿನ ಹಾಗಿದ್ದರೆ ಉರಿಯೂತದ ಗಂಟು ಮೆತ್ತಗೆ, ಒಳಗೆ ನೀರಿದೆಯೇನೋ ಎನ್ನುವಂತೆ ಇರುತ್ತದೆ. ಇದಾದ ಮೇಲೆಯೇ ರಿಪೋರ್ಟ್. ಕೈ ಮುಟ್ಟದೆ ಕಾಗದವನ್ನಷ್ಟೇ ನೋಡಿ ಔಷಧಿ ಬದಲಿಸಿದರೆ “ಸರ್, ಒಮ್ಮೆ ಕೈ ನೋಡಿ” ಎಂದು ಕೇಳಿ. ಅದು ನಮ್ಮ ಹಕ್ಕು.

ಡಿಎಎಸ್ 28 ಎಂಬ ಲೆಕ್ಕವನ್ನೂ ಹಲವರ ಚೀಟಿಯಲ್ಲಿ ನೋಡಿರಬಹುದು. 28 ಕೀಲುಗಳಲ್ಲಿ ಎಷ್ಟು ಬಾತಿವೆ, ಎಷ್ಟು ಒತ್ತಿದರೆ ನೋಯುತ್ತವೆ, ಇಎಸ್‌ಆರ್ ಎಷ್ಟು, ರೋಗಿ ತನ್ನ ಸ್ಥಿತಿಗೆ ನೂರಕ್ಕೆ ಎಷ್ಟು ಅಂಕ (ಹೆಚ್ಚು ಅಂಕ ಎಂದರೆ ಹೆಚ್ಚು ತೊಂದರೆ) ಕೊಡುತ್ತಾರೆ ಎನ್ನುವ ನಾಲ್ಕನ್ನು ಸೇರಿಸಿ ಬರುವ ಅಂಕಿ. 2.6ಕ್ಕಿಂತ ಕಡಿಮೆಯಿದ್ದರೆ ಕಾಯಿಲೆ ಶಾಂತವಾಗಿದೆ ಎಂದು, 5.1 ಮೀರಿದರೆ ಜೋರಾಗಿದೆ ಎಂದು. ಒಳ್ಳೆಯ ಲೆಕ್ಕವೇ. ಆದರೆ ಒಬ್ಬ ಅರುವತ್ತರ ಹೆಂಗಸಿನದನ್ನು ಹಾಕಿ ನೋಡಿ. ಬಾತ ಕೀಲು ಸೊನ್ನೆ, ನೋಯುವ ಕೀಲು ಸೊನ್ನೆ, ವಯಸ್ಸಿಗೆ ತಕ್ಕ ಇಎಸ್‌ಆರ್ 30, ತನ್ನ ಸ್ಥಿತಿಗೆ ಕೊಟ್ಟದ್ದು 20. ಉತ್ತರ 2.66. ಒಂದು ಕೀಲೂ ನೋಯದಿದ್ದರೂ ಕಾಗದದ ಪ್ರಕಾರ ಕಾಯಿಲೆ ಶಾಂತವಾಗಿಲ್ಲ! ಇನ್ನೊಂದು ಕೊರತೆ, ಆ 28ರಲ್ಲಿ ಪಾದ ಸೇರಿಲ್ಲ. ಬೆಳಿಗ್ಗೆ ಹಾಸಿಗೆಯಿಂದ ಇಳಿದು ನೆಲಕ್ಕೆ ಕಾಲೂರಿದಾಗ ಕಾಲ್ಬೆರಳುಗಳ ಬುಡದಲ್ಲಿ ಚುಚ್ಚುವ ನೋವು ಆ ಅಂಕಿಯೊಳಗೆ ನೇರವಾಗಿ ಬರುವುದೇ ಇಲ್ಲ. ಅದನ್ನು ಬಾಯಿಬಿಟ್ಟು ಹೇಳಬೇಕು, ಚಪ್ಪಲಿ ಬಿಚ್ಚಿ ತೋರಿಸಬೇಕು.

ಹಿಮೋಗ್ಲೋಬಿನ್ ವಿಷಯದಲ್ಲಿ ನಮ್ಮ ಮನೆಗಳಲ್ಲಿ ಬಹಳ ಗೊಂದಲವಿದೆ. 9.8 ಬಂತೆಂದರೆ ಸೊಪ್ಪು, ಬೀಟ್‌ರೂಟ್, ಖರ್ಜೂರ, ಬೆಲ್ಲ, ಕಬ್ಬಿಣದ ಮಾತ್ರೆ ಎಲ್ಲ ಶುರು. ತಿಂಗಳುಗಟ್ಟಲೆ ತಿಂದರೂ ಅಂಕಿ ಅಲ್ಲೇ. ಉರಿಯೂತ ಇರುವಾಗ ಲಿವರ್ ಹೆಪ್ಸಿಡಿನ್ ಎಂಬ ಹಾರ್ಮೋನನ್ನು ಹೆಚ್ಚು ಮಾಡುತ್ತದೆ. ಅದು ಕರುಳಿನಿಂದ ಕಬ್ಬಿಣ ಒಳಬರುವುದನ್ನು ತಡೆಯುತ್ತದೆ, ಒಳಗಿರುವ ಕಬ್ಬಿಣವೂ ಹೊರಬರದಂತೆ ಹಿಡಿದಿಡುತ್ತದೆ. ಕಾಯಿಲೆ ಹತೋಟಿಗೆ ಬಂದರೆ ಇಂಥ ರಕ್ತಹೀನತೆ ತಾನಾಗಿ ಸುಧಾರಿಸುತ್ತದೆ. ಆದರೆ ನಮ್ಮಲ್ಲಿ ಎಷ್ಟೋ ಹೆಂಗಸರಿಗೆ ನಿಜವಾದ ಕಬ್ಬಿಣದ ಕೊರತೆಯೂ ಜೊತೆಗಿರುತ್ತದೆ: ಹೆಚ್ಚು ಮುಟ್ಟು, ಇಲ್ಲವೇ ವರ್ಷಗಟ್ಟಲೆ ನುಂಗಿದ ನೋವಿನ ಮಾತ್ರೆಯಿಂದ ಹೊಟ್ಟೆಯೊಳಗೆ ಸೋರಿಕೆ. ಎರಡನ್ನೂ ಬೇರ್ಪಡಿಸಲು, ದೇಹದಲ್ಲಿ ಕೂಡಿಟ್ಟ ಕಬ್ಬಿಣ ಎಷ್ಟೆಂದು ಸೂಚಿಸುವ ಫೆರಿಟಿನ್ ಮಾಡಿಸುತ್ತಾರೆ. ಕಷ್ಟವೇನೆಂದರೆ ಉರಿಯೂತ ಇದ್ದಾಗ ಫೆರಿಟಿನ್ ತಾನೂ ಏರುತ್ತದೆ. ನಮಗೆ ಅದು 50, 60 ಇದ್ದು ‘ನಾರ್ಮಲ್’ ಎಂದು ಅಚ್ಚಾಗಿದ್ದರೂ ಒಳಗೆ ಕೊರತೆ ಇರಬಹುದು. ರಕ್ತದಲ್ಲಿ ಸಾಗುತ್ತಿರುವ ಕಬ್ಬಿಣವನ್ನು ತೋರಿಸುವ ಟ್ರಾನ್ಸ್‌ಫೆರಿನ್ ಸ್ಯಾಚುರೇಷನ್ ಜೊತೆಗಿಟ್ಟು ಓದುವುದು ಇದಕ್ಕೇ. ಮಲ ಕಪ್ಪಗಾಗಿದ್ದರೆ ನಾಚಿಕೆ ಬಿಟ್ಟು ಡಾಕ್ಟರಿಗೆ ಹೇಳಿ, ಅದು ಯಾವ ಅಂಕಿಗಿಂತಲೂ ಮುಖ್ಯ.

ಮೂರನೆಯ ಪ್ರಶ್ನೆ ಔಷಧಿಯದು. ನಮ್ಮಲ್ಲಿ ಹೆಚ್ಚಿನವರು ಮೆಥೊಟ್ರೆಕ್ಸೇಟ್ ತೆಗೆದುಕೊಳ್ಳುತ್ತೇವೆ. ವಾರಕ್ಕೆ ಒಂದೇ ದಿನ, ಆ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟುಕೊಂಡು. ಅದನ್ನು ದಿನಾ ನುಂಗಿದವರ ಪ್ರಾಣಕ್ಕೇ ಬಂದದ್ದಿದೆ. ಶುರುವಿನಲ್ಲಿ ಕೆಲವು ವಾರಕ್ಕೊಮ್ಮೆ, ಆಮೇಲೆ ಎರಡು ಮೂರು ತಿಂಗಳಿಗೊಮ್ಮೆ ರಕ್ತ ಕೊಡುವುದು ಇದಕ್ಕಾಗಿ. ಬಿಳಿಕಣ, ಪ್ಲೇಟ್‌ಲೆಟ್ ತೀರಾ ಇಳಿದಿಲ್ಲವಷ್ಟೇ? ಲಿವರಿಗೆ ಪೆಟ್ಟು ಬಿದ್ದಿಲ್ಲವಷ್ಟೇ? ಕಿಡ್ನಿ ಔಷಧಿಯನ್ನು ಹೊರಹಾಕುತ್ತಿದೆಯಷ್ಟೇ? ಮಾತ್ರೆ ನುಂಗಿದ ಮರುದಿನ ಲಿವರಿನ ಸ್ಥಿತಿ ತೋರಿಸುವ ಎಸ್‌ಜಿಪಿಟಿ ಸ್ವಲ್ಪ ಏರಿರುವುದುಂಟು. ಅದರಿಂದ ಮುಂದಿನ ಮಾತ್ರೆಗೆ ಒಂದೆರಡು ದಿನ ಇರುವಾಗ ರಕ್ತ ಕೊಡುವುದು ಒಳ್ಳೆಯದು. 40ರ ಮಿತಿಯಿರುವಲ್ಲಿ 58 ಬಂದರೆ ತಾನೇ ಮಾತ್ರೆ ಬಿಡುವುದು ಬೇಡ. ಫೋನ್ ಮಾಡಿ ಕೇಳಿ, ಹಿಂದಿನ ರಿಪೋರ್ಟ್‌ಗಳ ಪಕ್ಕದಲ್ಲಿಟ್ಟು ನೋಡಿ. ಮಿತಿಯ ಮೂರುಪಟ್ಟು ದಾಟಿದರೆ ಸಾಮಾನ್ಯವಾಗಿ ಡಾಕ್ಟರೇ ನಿಲ್ಲಿಸಿ ಕಾರಣ ಹುಡುಕುತ್ತಾರೆ. ಹುಡುಕುವಾಗ ಅವರಿಗೆ ಎಲ್ಲವೂ ಗೊತ್ತಿರಬೇಕು: ಮದ್ಯ, ಕೆಮ್ಮಿನ ಔಷಧಿ, ನೆರೆಮನೆಯವರು ಕೊಟ್ಟ ಕಷಾಯ, ದಿನಾ ಕುಡಿಯುವ ಅಮೃತಬಳ್ಳಿ ರಸ.

ಹೆಸರಿಲ್ಲದ ಪುಡಿ ಪೊಟ್ಟಣಗಳ ಬಗ್ಗೆ ಇಲ್ಲಿ ಹೇಳಲೇಬೇಕು. ಎರಡೇ ದಿನದಲ್ಲಿ ನೋವು ಮಾಯ, ಇಎಸ್‌ಆರ್ ಕೂಡ ಇಳಿಯಿತು ಎಂದು ಯಾರಾದರೂ ಹೇಳಿದರೆ ಆ ಪುಡಿಯಲ್ಲಿ ಸ್ಟಿರಾಯ್ಡ್ ಬೆರೆತಿರುವ ಅನುಮಾನ ಬರಬೇಕು. ಸ್ಟಿರಾಯ್ಡ್ ಉರಿಯೂತದ ಅಂಕಿಗಳನ್ನು ಇಳಿಸುತ್ತದೆ, ಜೊತೆಗೆ ಸಕ್ಕರೆ ಏರಿಸುತ್ತದೆ, ಬಿಳಿಕಣಗಳನ್ನೂ ಏರಿಸುತ್ತದೆ. ಡಾಕ್ಟರೇ ಕೊಟ್ಟ ಪ್ರೆಡ್ನಿಸೊಲೋನ್ ಎಂಬ ಸ್ಟಿರಾಯ್ಡ್ ನುಂಗುತ್ತಿರುವಾಗ ಬಿಳಿಕಣ 13,000 ಬಂದರೆ ಅದು ಸೋಂಕೇ ಎಂದಲ್ಲ. ಇದಕ್ಕೆ ತಿರುಗುಮುರುಗು ನಮ್ಮ ಕಾಯಿಲೆಗೇ ಕೊಡುವ ಟೊಸಿಲಿಝುಮಾಬ್ ಇಂಜೆಕ್ಷನ್ ತೆಗೆದುಕೊಳ್ಳುವವರ ಕಥೆ. ಲಿವರಿಗೆ ಸಿಆರ್‌ಪಿ ಮಾಡು ಎಂದು ಹೇಳುವ ಸಂದೇಶವನ್ನೇ ಆ ಔಷಧಿ ತಡೆಯುವುದರಿಂದ ದೊಡ್ಡ ಸೋಂಕು ಇದ್ದರೂ ಸಿಆರ್‌ಪಿ ಏರದೆ ಇರಬಹುದು. ಇಂಥವರು ಬೇರೆ ಆಸ್ಪತ್ರೆಗೆ ಹೋದರೆ ಮೊದಲು ಹೇಳಬೇಕಾದದ್ದು ಇಂಜೆಕ್ಷನ್ನಿನ ಹೆಸರು.

ರಕ್ತ ತೆಗೆಯುವಾಗ “ಮುಷ್ಟಿ ಬಿಗಿ ಹಿಡೀರಿ ಮೇಡಂ” ಎನ್ನುತ್ತಾರೆ. ಬೆಳಗಿನ ಏಳು ಗಂಟೆಗೆ ನಮ್ಮ ಬೆರಳುಗಳು ಅರ್ಧವೂ ಮಡಚುವುದಿಲ್ಲ. ಆಗುವುದಿಲ್ಲ ಎಂದು ನೇರವಾಗಿ ಹೇಳಿಬಿಡಿ. ಪಟ್ಟಿ ಕಟ್ಟಿದರೆ ನರ ಸಿಗುತ್ತದೆ, ಮುಷ್ಟಿಯನ್ನು ಮತ್ತೆ ಮತ್ತೆ ಬಿಗಿದರೆ ಪೊಟ್ಯಾಸಿಯಂ ಸುಳ್ಳೇ ಹೆಚ್ಚು ಬರುವುದೂ ಇದೆ.

‘ಎಚ್’, ‘ಎಲ್’ ಎಲ್ಲಿಂದ ಬರುತ್ತವೆ ಎನ್ನುವುದನ್ನೂ ತಿಳಿದಿರಬೇಕು. ಆರೋಗ್ಯವಂತರ ರಕ್ತ ಪರೀಕ್ಷಿಸಿ, ಅವರಲ್ಲಿ ನಡುವಿನ ಶೇ. 95 ಜನರ ಅಂಕಿ ಎಲ್ಲಿಂದ ಎಲ್ಲಿಯವರೆಗೆ ಇದೆಯೋ ಅದನ್ನೇ ಹೆಚ್ಚಿನ ಪರೀಕ್ಷೆಗಳಲ್ಲಿ ಮಿತಿ ಎನ್ನುತ್ತಾರೆ. ಅಂದರೆ ಏನೂ ಕಾಯಿಲೆಯಿಲ್ಲದ ಇಪ್ಪತ್ತರಲ್ಲಿ ಒಬ್ಬರು ಹೊರಗೇ ಬೀಳುತ್ತಾರೆ. ಒಬ್ಬರಿಗೇ ಒಂದಕ್ಕೊಂದು ಸಂಬಂಧವಿಲ್ಲದ ಇಪ್ಪತ್ತು ಪರೀಕ್ಷೆ ಮಾಡಿದರೆ ಒಂದಾದರೂ ಹೊರಗೆ ಬೀಳುವ ಸಾಧ್ಯತೆ ಶೇ. 64ರಷ್ಟು. ನಾನು ಶಾಲೆಯಲ್ಲಿ ಗಣಿತ ಹೇಳಿಕೊಡುವವಳು. ಈ ಲೆಕ್ಕವನ್ನು ಬೋರ್ಡಿನ ಮೇಲೆ ಬರೆದು ತೋರಿಸಿದಾಗ ಹತ್ತನೆಯ ತರಗತಿಯ ಮಕ್ಕಳಿಗೇ ಆಶ್ಚರ್ಯವಾಯಿತು. ಅಂಚಿನಲ್ಲಿ ಒಂದೆರಡು ಅಂಕಿ ಆಚೀಚೆ ಆದದ್ದಕ್ಕೆ ಊಟ ಬಿಡುವವರು ಇದನ್ನೊಮ್ಮೆ ಯೋಚಿಸಬೇಕು.

ನಾನು ಒಂದು ಉದ್ದ ನೋಟ್‌ಬುಕ್ಕಿನಲ್ಲಿ ಪ್ರತಿ ರಿಪೋರ್ಟಿಗೆ ಒಂದು ಸಾಲು ಬರೆಯುತ್ತೇನೆ. ತಾರೀಖು, ಇಎಸ್‌ಆರ್, ಸಿಆರ್‌ಪಿ, ಹಿಮೋಗ್ಲೋಬಿನ್, ಬಿಳಿಕಣ, ಎಸ್‌ಜಿಪಿಟಿ, ಕಿಡ್ನಿಯ ಕೆಲಸ ತೋರಿಸುವ ಕ್ರಿಯಾಟಿನಿನ್. ಪಕ್ಕದಲ್ಲಿ ಆ ವಾರ ಬೆಳಗಿನ ಬಿಗಿತ ಎಷ್ಟು ಹೊತ್ತು ಇತ್ತು, ಯಾವ ಕೀಲು ಬಾತಿತ್ತು, ನೆಗಡಿ ಜ್ವರ ಏನಾದರೂ ಇತ್ತೇ, ಔಷಧಿ ಬದಲಾಯಿತೇ. ಡಾಕ್ಟರು ಆ ಪುಟವನ್ನು ಅರ್ಧ ನಿಮಿಷದಲ್ಲಿ ಓದುತ್ತಾರೆ, ಉಳಿದ ಸಮಯ ನನ್ನ ಮಾತಿಗೆ ಸಿಗುತ್ತದೆ. ಒಂದು ಸಲ ಸಿಆರ್‌ಪಿ ಒಮ್ಮೆಲೇ ಏರಿತ್ತು, ಕೀಲುಗಳು ಮಾತ್ರ ಸುಮ್ಮನಿದ್ದವು. ಪಕ್ಕದಲ್ಲಿ ‘ದವಡೆ ಹಲ್ಲು ನೋವು’ ಎಂದು ಬರೆದದ್ದನ್ನು ನೋಡಿ ಔಷಧಿ ಹೆಚ್ಚಿಸುವ ಬದಲು ಹಲ್ಲಿನ ಡಾಕ್ಟರ ಹತ್ತಿರ ಕಳಿಸಿದರು.

ಕೆಲವಕ್ಕೆ ಮಾತ್ರ ರಿಪೋರ್ಟಿನವರೆಗೆ ಕಾಯಬಾರದು. ಮೆಥೊಟ್ರೆಕ್ಸೇಟ್ ನುಂಗುವವರಿಗೆ ಜ್ವರ ಬಂದು ಬಾಯಿ ತುಂಬ ಹುಣ್ಣಾದರೆ, ಕಾರಣವಿಲ್ಲದೆ ಮೈಮೇಲೆ ನೀಲಿ ಕಲೆ ಎದ್ದರೆ, ಒಣಕೆಮ್ಮಿನ ಜೊತೆ ಉಸಿರು ಕಟ್ಟಿದರೆ, ಕಣ್ಣು ಹಳದಿಯಾದರೆ ಹೋದ ತಿಂಗಳ ಪರೀಕ್ಷೆ ಎಷ್ಟೇ ಚೆನ್ನಾಗಿ ಬಂದಿದ್ದರೂ ಅಂದೇ ಡಾಕ್ಟರಿಗೆ ತಿಳಿಸಬೇಕು, ಆ ವಾರದ ಮಾತ್ರೆಯನ್ನು ಅವರನ್ನು ಕೇಳದೆ ನುಂಗಬಾರದು. ಡಾಕ್ಟರ ನಂಬರು ನಿಮ್ಮ ಫೋನಿನಲ್ಲಷ್ಟೇ ಅಲ್ಲ, ಮನೆಯಲ್ಲಿ ಇನ್ನೊಬ್ಬರ ಫೋನಿನಲ್ಲೂ ಇರಲಿ.